ಮಳೆ ಕೈಕೊಟ್ಟು ಊರು ಬಿಟ್ಟರು ಎಂದು ಬರೆಯುವ ಮುನ್ನ

ಪ್ರಶ್ನೆ: ಮಂಡ್ಯ ಜಿಲ್ಲೆಯ ತಾಲ್ಲೂಕು ವರದಿಗಾರರಿಗೆ ಹವಾಮಾನ ಬದಲಾವಣೆ ಮತ್ತು ವಲಸೆ ಬಗ್ಗೆ ಒಂದು ದಿನದ ತರಬೇತಿ ಇಟ್ಟುಕೊಳ್ಳುತ್ತಿದ್ದೇವೆ. ಬೆಳಿಗ್ಗೆ ಉಪನ್ಯಾಸ, ಮಧ್ಯಾಹ್ನ ಮೂವತ್ತು ಜನರನ್ನೂ ಬಸ್ಸಿನಲ್ಲಿ ಕಬ್ಬು ಕಡಿಯುವವರ ಜೋಪಡಿಗಳ ಹತ್ತಿರ ಕರೆದೊಯ್ಯುವ ಯೋಚನೆಯಿದೆ. ಇನ್ನೇನು ಸೇರಿಸಬೇಕು?
– ಪತ್ರಕರ್ತರ ಸಂಘದ ಪದಾಧಿಕಾರಿ, ಮದ್ದೂರು

ಉತ್ತರ: ಸೇರಿಸುವ ಮೊದಲು ಬಸ್ಸನ್ನು ಕೈಬಿಡಿ. ಮೂವತ್ತು ಜನ ಕ್ಯಾಮೆರಾ ಹಿಡಿದು ಇಳಿದರೆ ಮಾತಿಗೆ ಸಿಗುವವನು ಕೂಲಿಯವರನ್ನು ಕರೆತಂದ ಮೇಸ್ತ್ರಿ ಒಬ್ಬನೇ. ಅವನಿಂದ ಅಡ್ವಾನ್ಸ್ ಪಡೆದವರು ಅವನೆದುರು ಬೇರೆ ಮಾತಾಡುವುದಿಲ್ಲ. ಹದಿನಾರು ಜನರಿಗೆ ಎರಡು ದಿನ ಮಾಡಿ, ನಡುವೆ ಒಂದು ವಾರ ಬಿಡಿ. ಆ ವಾರದಲ್ಲಿ ಇಬ್ಬಿಬ್ಬರಾಗಿ, ಬೇರೆ ಬೇರೆ ಜಾಗಕ್ಕೆ, ಮೊದಲ ಸಲ ಕ್ಯಾಮೆರಾ ಇಲ್ಲದೆ ಹೋಗಲಿ. ಕೂಲಿ ಟನ್ ಲೆಕ್ಕದ್ದು, ಕಟಾವಿನ ಹೊತ್ತಿನಲ್ಲಿ ಮಾತಿಗೆಳೆದರೆ ಅವರ ದುಡಿಮೆಗೆ ಕೈಹಾಕಿದಂತೆ. ಲಾರಿ ಬಾರದೆ ಕೆಲಸ ನಿಂತ ದಿನ ನೋಡಿಕೊಂಡು ಹೋಗಬೇಕು.

ಮೊದಲ ದಿನದ ಅರ್ಧ ಹೊತ್ತು ಒಂದೇ ಅಭ್ಯಾಸಕ್ಕೆ ಮೀಸಲಿಡಿ: ಪ್ರಶ್ನೆ ಕೇಳುವುದು. ‘ಯಾಕ್ ಬಂದ್ರಿ?’ ಅಂದರೆ ‘ಮಳೆ ಇಲ್ಲ ಸಾರ್’ ಎಂಬ ಉತ್ತರ ಬಾಯಲ್ಲೇ ಇರುತ್ತದೆ. ಸುಳ್ಳಲ್ಲ, ಅರ್ಧ ಸತ್ಯ. ಹೋದ ವರ್ಷ ಏನು ಬಿತ್ತಿದಿರಿ, ಎಷ್ಟು ಎಕರೆ, ಜಮೀನು ಸ್ವಂತದ್ದೋ ಗುತ್ತಿಗೆಯದ್ದೋ, ಅಡ್ವಾನ್ಸ್ ಯಾವ ತಿಂಗಳು ಕೈಗೆ ಬಂತು, ಅದರ ಹಿಂದಿನ ವರ್ಷವೂ ಬಂದಿದ್ದಿರಾ ಎಂದು ಹಿಂದಕ್ಕೆ ಹಿಂದಕ್ಕೆ ಕೇಳುತ್ತ ಹೋಗಬೇಕು. ಅಡ್ವಾನ್ಸ್ ಪಡೆದದ್ದು ಮುಂಗಾರಿಗೂ ಮೊದಲೇ ಎಂದಾದರೆ, ಅವರನ್ನು ಇಲ್ಲಿಗೆ ತಂದದ್ದು ಆ ವರ್ಷದ ಮಳೆಯಲ್ಲ, ಬಹುಶಃ ಹಳೆಯ ಸಾಲ. ಈ ಒಂದು ತಿಂಗಳ ಹೆಸರು ಇಡೀ ವರದಿಯ ದಿಕ್ಕನ್ನೇ ಬದಲಿಸಬಲ್ಲದು.

ಆಮೇಲೆ ಅವರೂರಿನ ಮಳೆ ಲೆಕ್ಕ ತೆಗೆಸಿ. ಹವಾಮಾನ ಇಲಾಖೆಯ ಪ್ರಕಾರ ವಾಡಿಕೆಗಿಂತ ಶೇ 19ರವರೆಗೆ ಹೆಚ್ಚು–ಕಡಿಮೆಯಾದರೆ ಅದು ‘ಸಾಮಾನ್ಯ’, ಶೇ 20ರಿಂದ 59 ಕಡಿಮೆಯಾದರೆ ‘ಕೊರತೆ’, ಅದಕ್ಕೂ ಮೀರಿದರೆ ‘ತೀವ್ರ ಕೊರತೆ’. ಒಟ್ಟು ಮೊತ್ತ ಸಾಮಾನ್ಯವಿದ್ದೂ ನಡುವೆ ನಾಲ್ಕು ವಾರ ಹನಿ ಬೀಳದಿದ್ದರೆ ಬೆಳೆ ಒಣಗುತ್ತದೆ, ಹಾಗಾಗಿ ವಾರವಾರದ ಅಂಕಿ ನೋಡದೆ ಬರೆಯಬಾರದು. ‘ಬರಪೀಡಿತ ತಾಲ್ಲೂಕಿನಿಂದ ಬಂದವರು’ ಎಂಬ ಸಾಲೂ ಪುರಾವೆಯಲ್ಲ. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಆ ಪಟ್ಟಿಯಲ್ಲಿದ್ದವು. ಯಾರು ಎಲ್ಲಿಂದ ಬಂದರೂ ಆ ಸಾಲು ಹೊಂದುತ್ತದೆ.

ನಮ್ಮ ಭಾಷೆಯಲ್ಲೇ ಒಂದು ತೊಡಕಿದೆ. ನಾಳೆಯ ಮಳೆಗೂ ‘ಹವಾಮಾನ’, ಮೂವತ್ತು ವರ್ಷದ ಸರಾಸರಿಗೂ ‘ಹವಾಮಾನ’. ಎರಡನೆಯದಕ್ಕೆ ‘ವಾಯುಗುಣ’ ಎಂದು ಶಾಲೆಯ ಪುಸ್ತಕದಲ್ಲಿ ಓದಿದ್ದೆವಲ್ಲ, ತರಬೇತಿಯ ಮಟ್ಟಿಗಾದರೂ ಅದನ್ನು ಬಳಸಿ. ಒಂದು ವರ್ಷದ ಬರಕ್ಕೆ ವಾಯುಗುಣ ಬದಲಾವಣೆ ಎಂದು ಬರೆಯಲು ಕೈ ತಾನಾಗಿಯೇ ಹಿಂಜರಿಯುತ್ತದೆ.

ಸ್ಥಳೀಯ ಉದಾಹರಣೆ ಎರಡು ಸಾಕು. ಮಳವಳ್ಳಿ ಕಡೆಯ ನಾಲೆಯ ಕೊನೇ ಭಾಗದಲ್ಲಿ ಭತ್ತ ಒಣಗಿದರೆ ಮುಂಗಾರಿನ ಜೊತೆಗೆ ಕಾವೇರಿ ನೀರು ಬಿಡುವ ಆದೇಶ, ಕಟ್ಟು ಪದ್ಧತಿ (ಸರದಿಯಂತೆ ಬಿಟ್ಟು ಬಿಟ್ಟು ನೀರು ಹರಿಸುವುದು), ನಾಲೆಯ ಹೂಳು ಎಲ್ಲವನ್ನೂ ವಿಚಾರಿಸಬೇಕು. ಎಚ್.ಡಿ. ಕೋಟೆಯಿಂದ ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗುವ ಆದಿವಾಸಿಗಳಲ್ಲಿ ನಾಗರಹೊಳೆ ಕಾಡಿನಿಂದ ಸರ್ಕಾರ ಹೊರಗೆ ಕಳಿಸಿದ ಕುಟುಂಬಗಳೂ ಇವೆ. ಅವರನ್ನು ‘ಹವಾಮಾನ ವಲಸಿಗರು’ ಎಂದುಬಿಟ್ಟರೆ ಸರ್ಕಾರದ ತೀರ್ಮಾನವನ್ನು ಮೋಡದ ಮೇಲೆ ಹೊರಿಸಿದಂತೆ. ಇದು ಅವಸರದ ತಪ್ಪು ಎಂದು ಮಾಫಿ ಮಾಡುವಂಥದ್ದಲ್ಲ.

ಮಧ್ಯಾಹ್ನಕ್ಕೆ ಒಪ್ಪಿಗೆಯ ಅಭ್ಯಾಸ. ‘ಫೋಟೊ ತೆಗೀಲಾ?’ ಎಂದಾಗ ತಲೆಯಾಡಿಸಿದ್ದು ಒಪ್ಪಿಗೆಯಲ್ಲ. ಹೀಗೆ ಬಾಯಿಬಿಟ್ಟು ಹೇಳಿಸಿ ರೂಢಿ ಮಾಡಿಸಿ: ‘ಇದು ಇಂಥ ಪತ್ರಿಕೇಲಿ ಬರುತ್ತೆ. ಮೊಬೈಲ್‌ನಲ್ಲೂ ಬರುತ್ತೆ, ಅಲ್ಲಿಂದ ಅಳಿಸೋದು ಕಷ್ಟ. ನಿಮ್ಮೂರಿನವರು, ಮೇಸ್ತ್ರಿ ನೋಡಬಹುದು. ಬೇಡ ಅಂದ್ರೆ ನಾಳೆ ಸಂಜೆ ಆರರೊಳಗೆ ಈ ನಂಬರಿಗೆ ಹೇಳಿ, ತೆಗೆದುಬಿಡ್ತೀನಿ.’ ಮಾತಿನ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಕೇಳಬೇಕು. ಏನೇನು ಹೇಳಿದೆವೆಂದು ಅವರಿಗೆ ಗೊತ್ತಾಗುವುದು ಕೊನೆಯಲ್ಲೇ. ಲಂಬಾಣಿ ಅಥವಾ ಹಿಂದಿ ಮಾತಾಡುವವರಾದರೆ ದುಭಾಷಿ ಮೇಸ್ತ್ರಿಯ ಕಡೆಯವನಾಗಿರಬಾರದು.

ಮೊಬೈಲ್ ಕ್ಯಾಮೆರಾದ ಲೊಕೇಶನ್ ಆಫ್ ಮಾಡಿಸಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಆ ಮಾಹಿತಿ ಅಳಿಯುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಪತ್ರಿಕೆಯ ಡೆಸ್ಕಿಗೆ ಹೆಚ್ಚಾಗಿ ಹೋಗುವುದು ಎರಡನೆಯ ದಾರಿಯಲ್ಲೇ. ಹಿನ್ನೆಲೆಯ ಟ್ರ್ಯಾಕ್ಟರ್ ನಂಬರ್ ಪ್ಲೇಟನ್ನೂ ನೋಡಿಕೊಳ್ಳಿ. ಮಚ್ಚು ಹಿಡಿದು ದುಡಿಯುವ ಮಗುವಿನ ಮುಖವಂತೂ ಬೇಡವೇ ಬೇಡ. ಕಾನೂನು ಮೀರಿ ದುಡಿಸಲಾಗುತ್ತಿರುವ ಮಗು ಬಾಲನ್ಯಾಯ ಕಾಯ್ದೆ, 2015ರ ಪ್ರಕಾರ ರಕ್ಷಣೆ ಬೇಕಾದ ಮಗು. ಅದರ ಗುರುತು ಬಿಟ್ಟುಕೊಟ್ಟರೆ 74ನೇ ಸೆಕ್ಷನ್ ಅಡಿ ಆರು ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಪ್ರಶ್ನೆ: ಶೀರ್ಷಿಕೆಯಲ್ಲಿ ‘ಹವಾಮಾನ ನಿರಾಶ್ರಿತರು’ ಎನ್ನಬಹುದೇ? 2050ಕ್ಕೆ 21.6 ಕೋಟಿ ಜನ ವಲಸೆ ಹೋಗುತ್ತಾರೆ ಎಂಬ ಅಂಕಿಯನ್ನು ಬಳಸಬಹುದೇ?
– ಉಪಸಂಪಾದಕಿ, ಮೈಸೂರು

ಉತ್ತರ: ಮೊದಲನೆಯದು ಬೇಡ. 1951ರ ನಿರಾಶ್ರಿತರ ಒಪ್ಪಂದ ಕಿರುಕುಳಕ್ಕೆ ಹೆದರಿ ದೇಶದ ಗಡಿ ದಾಟಿದವರಿಗೆ ಸಂಬಂಧಿಸಿದ್ದು, ಭಾರತ ಅದಕ್ಕೆ ಸಹಿ ಹಾಕಿಯೂ ಇಲ್ಲ. ಬಳ್ಳಾರಿಯಿಂದ ಮಂಡ್ಯಕ್ಕೆ ಬಂದವರು ಈ ದೇಶದ ಪ್ರಜೆಗಳು, ಇಲ್ಲಿ ದುಡಿಯುವುದು ಅವರ ಹಕ್ಕು. ‘ಮಹಾಪೂರ’, ‘ದಂಡು’ ಪದಗಳನ್ನೂ ಬಿಡಿ.

21.6 ಕೋಟಿ ವಿಶ್ವಬ್ಯಾಂಕಿನ 2021ರ ಗ್ರೌಂಡ್‌ಸ್ವೆಲ್ ವರದಿಯದು. ಜಗತ್ತಿನ ಆರು ಪ್ರದೇಶಗಳಲ್ಲಿ, ತಮ್ಮ ದೇಶದೊಳಗೇ ಜಾಗ ಬದಲಿಸುವವರ ಗರಿಷ್ಠ ಅಂದಾಜು ಅದು. ‘ವರೆಗೆ’ ಎಂಬ ಪದವನ್ನು ಜಾಗ ಸಾಲದೆಂದು ಕತ್ತರಿಸಿದರೆ ಅಂದಾಜು ಭವಿಷ್ಯವಾಣಿಯಾಗುತ್ತದೆ. ಸಕಾಲದಲ್ಲಿ ಕ್ರಮ ಕೈಗೊಂಡರೆ ಶೇ 80ರವರೆಗೆ ತಗ್ಗಬಹುದು ಎಂದೂ ಆ ವರದಿಯಲ್ಲೇ ಇದೆ.

ಪ್ರಶ್ನೆ: ಮಾತಾಡಿಸಿದವರು ಅಕ್ಕಿಗೆ ದುಡ್ಡು ಕೇಳಿದರೆ?
– ಪತ್ರಿಕೋದ್ಯಮ ವಿದ್ಯಾರ್ಥಿ, ಮೈಸೂರು

ಉತ್ತರ: ಮಾತಿಗೆ ದುಡ್ಡು ಕೊಡಬೇಡಿ. ಮುಂದಿನ ಜೋಪಡಿಯವರು ದುಡ್ಡು ಬರುವಂಥ ಕತೆಯನ್ನೇ ಹೇಳುತ್ತಾರೆ. ರಾಜ್ಯದೊಳಗಿನ ರೇಷನ್ ಕಾರ್ಡ್ ಇದ್ದರೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ಪಡಿತರ ಪಡೆಯಬಹುದು, ಅದನ್ನು ತಿಳಿಸಿ. ಕಾಯಿಲೆ ಬಿದ್ದ ಮಗುವಿದ್ದರೆ 108ಕ್ಕೆ ಫೋನ್ ಮಾಡಿ, ವರದಿಯನ್ನು ಆಮೇಲೆ ನೋಡಿಕೊಳ್ಳಿ. ಅಚ್ಚಾದ ಮೇಲೆ ಒಂದು ಪ್ರತಿ ಒಯ್ದು, ಓದಲು ಬಾರದವರಿಗೆ ಓದಿ ಹೇಳಿ ಬನ್ನಿ.