ಸಾಣೆ ಹಿಡಿಸಿದ ಮೇಲೂ ಹುರುಳಿಕಾಯಿ ಮಾಲೆ ಮಾಲೆಯಾಗಿ ಬರುತ್ತಿದೆ, ಚಾಕುವನ್ನು ಮನೆಯಲ್ಲೇ ಸರಿ ಮಾಡಬಹುದಾ?

ಮಾಡಬಹುದು. ಬೀದಿಯಲ್ಲಿ ಬಂದ ಸಾಣೆಯವರಿಗೆ ಚಾಕು ಕೊಟ್ಟಿರಿ, ಮುಟ್ಟಿದರೆ ಚುರುಕಾಗೇ ಇದೆ, ಆದರೆ ಹುರುಳಿಕಾಯಿ ಹೆಚ್ಚಿದರೆ ತುಂಡುಗಳು ಬಿಡದೆ ಒಂದಕ್ಕೊಂದು ನೇತಾಡುತ್ತವೆ ಅಂತ ಬರೆದಿದ್ದೀರಿ. ಮಂಡ್ಯದ ನಮ್ಮ ಮನೆಯಲ್ಲೂ ಇದೇ ಮಾಲೆ ಬರುತ್ತಿತ್ತು. ಅವ್ವ ಅದನ್ನು ಎತ್ತಿ ತೋರಿಸಿ, "ದೇವರ ಪಟಕ್ಕೆ ಹಾಕ್ಲಾ?" ಅಂತ ಕೇಳಿದ್ದಳು.

ಇದು ಮೊಂಡಿನ ಸಮಸ್ಯೆ ಅಲ್ಲ, ಆಕಾರದ್ದು. ಚಾಕುವಿನ ಬಾಯಿ ಕೆಳಗೆ ಮಾಡಿ ಹೆಚ್ಚುವ ಮಣೆ ಮೇಲೆ ನಿಲ್ಲಿಸಿ. ಆಚೆ ಕಡೆಯಿಂದ ಮೊಬೈಲ್ ಟಾರ್ಚ್ ಬಿಡಿ. ಹಿಡಿಯ ಹತ್ತಿರವೋ ನಡುವೆಯೋ ಬೆಳಕು ತೂರಿ ಬಂದರೆ ಅಲ್ಲಿ ಹಳ್ಳ ಬಿದ್ದಿದೆ ಅಂತ ಅರ್ಥ. ತಿರುಗುವ ಚಕ್ರಕ್ಕೆ ಒಂದೇ ಜಾಗದಲ್ಲಿ ಸ್ವಲ್ಪ ಜಾಸ್ತಿ ಒತ್ತಿದರೂ ಸಾಕು, ಹೀಗಾಗುತ್ತೆ. ಆ ಹಳ್ಳ ಮಣೆಯನ್ನು ಮುಟ್ಟುವುದೇ ಇಲ್ಲ, ಅದಕ್ಕೇ ಕಾಯಿಯ ಕೆಳಗಿನ ಸಿಪ್ಪೆ ಉಳಿದುಬಿಡುತ್ತೆ. ಎಷ್ಟು ಮಸೆದರೂ ಹಳ್ಳ ಹರಿತವಾಗುತ್ತೆ ಅಷ್ಟೇ, ತುಂಬಿಕೊಳ್ಳಲ್ಲ.

ಹಾಗಾಗಿ ಮೊದಲು ಬಾಯನ್ನು ಕೆಡಿಸಬೇಕು. ಹೌದು, ಬೇಕಂತಲೇ. ಕಲ್ಲನ್ನೇ ಕೊಯ್ಯಲು ಹೊರಟವರ ಹಾಗೆ ಚಾಕುವನ್ನು ನೆಟ್ಟಗೆ ಹಿಡಿದು, ಸಾಣೆ ಕಲ್ಲಿನ ಒರಟು ಬದಿಯ ಮೇಲೆ ಹಿಂದೆ ಮುಂದೆ ಉಜ್ಜಿ. ತುದಿಯ ಕಡೆ ಬಂದಾಗ ಹಿಡಿಯನ್ನು ಮೆಲ್ಲಗೆ ಎತ್ತುತ್ತಾ ಹೋಗಿ, ಇಲ್ಲದಿದ್ದರೆ ಅಲ್ಲಿನ ಬಾಗು ಹೋಗಿ ಚಾಕು ಸ್ಕೇಲಿನಂತಾಗುತ್ತೆ. ಹತ್ತು ಸಲ ಉಜ್ಜಿ ಟಾರ್ಚ್ ಬಿಟ್ಟು ನೋಡಿ, ಮತ್ತೆ ಉಜ್ಜಿ. ಹಳ್ಳ ಮಾಯವಾಗುವ ಹೊತ್ತಿಗೆ ಚಾಕು ಬೆಣ್ಣೆಯನ್ನೂ ಕೊಯ್ಯದ ಸ್ಥಿತಿಗೆ ಬಂದಿರುತ್ತೆ. ಗಾಬರಿಯಾಗಬೇಡಿ.

ಈಗ ಬಾಯಿ ಮೇಲೆ ಮಾಡಿ ಬಲ್ಬಿನ ಕೆಳಗೆ ಹಿಡಿಯಿರಿ. ಉದ್ದಕ್ಕೂ ಒಂದು ಬಿಳಿ ಗೆರೆ ಮಿನುಗುತ್ತೆ. ಹರಿತವಾದ ಬಾಯಿ ಬೆಳಕನ್ನು ಹಿಂದಕ್ಕೆ ಹೊಡೆಯಲ್ಲ, ಚಪ್ಪಟೆಯಾದದ್ದು ಹೊಡೆಯುತ್ತೆ. ಹಳ್ಳ ಇದ್ದ ಕಡೆ ಆ ಗೆರೆ ಕೂದಲಿನಷ್ಟು ಸಣ್ಣ, ಜಾಸ್ತಿ ಸವೆಸಿದ ಕಡೆ ದಪ್ಪ. ದಪ್ಪ ಇರುವಲ್ಲಿ ಜಾಸ್ತಿ ಮಸೆಯಬೇಕು, ಸಣ್ಣ ಇರುವಲ್ಲಿ ಕಡಿಮೆ. ಈ ಗೆರೆ ಪೂರ್ತಿ ಆರಿಹೋಗುವ ತನಕ ನಯದ ಬದಿಗೆ ಹೋಗಲೇಬೇಡಿ. ಎಲ್ಲರೂ ಅವಸರ ಮಾಡುವುದು ಇಲ್ಲೇ.

ಇನ್ನು ಓರೆ. ಅಲಗು 4 ಸೆಂಟಿಮೀಟರ್ ಅಗಲ ಇದ್ದರೆ, ಅದರ ಬೆನ್ನು ಕಲ್ಲಿನಿಂದ 1 ಸೆಂಟಿಮೀಟರ್ ಮೇಲಿರಲಿ. ಆಗ ಹತ್ತಿರ ಹತ್ತಿರ 15 ಡಿಗ್ರಿ ಆಗುತ್ತೆ. ತರಕಾರಿ ಚಾಕುವಿಗೆ ಅಷ್ಟು ಸಾಕು. ಮದ್ದೂರಿನ ಕಡೆ ಎಳನೀರು ಕೆತ್ತುವ ಮಚ್ಚಿಗೆ ಇಷ್ಟು ತೆಳ್ಳಗೆ ಮಾಡಿದರೆ ಬಾಯಿ ಮುಕ್ಕಾಗುತ್ತೆ, ಅದಕ್ಕೆ ದಪ್ಪ ಓರೆಯೇ ಬೇಕು. ಓರೆ ಸರಿಯಿದೆಯಾ ಅಂತ ಅನುಮಾನ ಬಂದರೆ ಅಂಚಿಗೆ ಸ್ಕೆಚ್ ಪೆನ್ ಬಳಿದು ಎರಡು ಸಲ ಉಜ್ಜಿ. ಬಣ್ಣ ಅಂಚಿನಲ್ಲೇ ಉಳಿದಿದ್ದರೆ ಬೆನ್ನು ಸ್ವಲ್ಪ ಎತ್ತಿ. ಬರೀ ಅಂಚಿನಲ್ಲಿ ಮಾತ್ರ ಅಳಿಸಿದ್ದರೆ ಇಳಿಸಿ.

ಒಂದು ಬದಿ ಮಸೆಯುತ್ತಾ ಹೋದರೆ ಕೊನೆಗೆ ಲೋಹ ಆಚೆ ಬದಿಗೆ ಸಣ್ಣಗೆ ಮಡಚಿಕೊಳ್ಳುತ್ತೆ. ಬರ್ ಅಂತಾರೆ ಅದನ್ನ. ಕಣ್ಣಿಗೆ ಕಾಣೋದು ಕಷ್ಟ. ಹೆಬ್ಬೆರಳನ್ನು ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಸವರಿ ಹೊರಕ್ಕೆ ಜಾರಿಸಿದರೆ ಚರ್ಮಕ್ಕೆ ತಡೆಯುತ್ತೆ. ಬಾಯಿಯ ಉದ್ದಕ್ಕೆ ಮಾತ್ರ ಬೆರಳು ಎಳೆಯಬೇಡಿ, ಕುಯ್ಯುತ್ತೆ. ಹಿಡಿಯಿಂದ ತುದಿಯವರೆಗೆ ಎಲ್ಲ ಕಡೆ ತಡೆದರೆ ಆ ಬದಿ ಮುಗಿಯಿತು, ಮಗುಚಿ. ಎಷ್ಟು ಸಲ ಉಜ್ಜಬೇಕು ಅಂತ ಎಣಿಸುವವರು ಇದ್ದಾರೆ. ನನ್ನ ಕೇಳಿದರೆ ಎಣಿಕೆ ದಂಡ, ಬೆರಳು ಹೇಳಿದ್ದೇ ಸರಿ. ಕೊನೆಗೆ ನಯದ ಬದಿಯಲ್ಲಿ ಹಗುರವಾಗಿ ಒಂದು ಆ ಕಡೆ, ಒಂದು ಈ ಕಡೆ. ಆಮೇಲೆ ಹಳೇ ಚರ್ಮದ ಬೆಲ್ಟಿನ ಒಳಮೈ ಮೇಲೆ ಬೆನ್ನು ಮುಂದೆ, ಬಾಯಿ ಹಿಂದೆ ಬರುವಂತೆ ನಾಲ್ಕೈದು ಸಲ ಎಳೆದರೆ ಉಳಿದ ಬರ್ ಉದುರುತ್ತೆ. ಬೆಲ್ಟ್ ಇಲ್ಲವಾ, ಮಡಚಿದ ಪೇಪರ್ ಆದರೂ ಆದೀತು.

ಕಲ್ಲಿಗೆ ತುಂಬಾ ತಲೆ ಕೆಡಿಸಿಕೊಳ್ಳಬೇಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡು ಬದಿಯ ಕಾರ್ಬೊರಂಡಮ್ ಕಲ್ಲು ಕೇಳಿ. (ಅಮೆರಿಕದ ಎಡ್ವರ್ಡ್ ಅಚೆಸನ್ ಕೃತಕ ವಜ್ರ ಮಾಡಲು ಹೋದಾಗ ಸಿಕ್ಕಿದ್ದು ಅದು, 1893ರಲ್ಲಿ ಪೇಟೆಂಟ್ ಪಡೆದ.) ನಂಬರ್ ಜಾಸ್ತಿಯಾದಷ್ಟೂ ಕಲ್ಲು ನಯ. ಆಕಾರ ತಿದ್ದಲು 200ರಿಂದ 400, ಹರಿತಕ್ಕೆ 1000. 3000, 6000 ಎಲ್ಲಾ ಶೋಕಿ. ಕೆಳಗೆ ಒದ್ದೆ ಬಟ್ಟೆ ಹಾಕಿ, ಜಾರಬಾರದು. ನೀರು ಹಾಕುವ ಕಲ್ಲಿಗೆ ಎಣ್ಣೆ ಮುಟ್ಟಿಸಬೇಡಿ. 1000 ನಂಬರಿನ ಕಲ್ಲು ಸಿಗಲಿಲ್ಲ ಅಂದ್ರೆ ಪಿಂಗಾಣಿ ಕಪ್ ಬೋರಲು ಹಾಕಿ. ತಳದಲ್ಲಿ ಹೊಳಪಿಲ್ಲದ ಒರಟು ಬಳೆ ಇರುತ್ತಲ್ವಾ, ಅದೂ ಮಸೆಯುತ್ತೆ.

ಇಷ್ಟೆಲ್ಲಾ ಯಾಕೆ, ವೆಲ್ಡಿಂಗ್ ಅಂಗಡಿಯ ಗ್ರೈಂಡರಿಗೆ ಕೊಟ್ಟರೆ ಎರಡು ನಿಮಿಷದ ಕೆಲಸ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ನಾನು ಕೇಳಿದ್ದೆ. ಅವ್ವನ ಹಳೇ ಕಬ್ಬಿಣದ ಚಾಕು, ಗೆಳೆಯನ ಅಂಗಡಿ, ಕಿಡಿ ಹಾರುತ್ತಿದ್ದಾಗ ಖುಷಿಯೋ ಖುಷಿ. ಕೈಗೆ ಬಂದಾಗ ತುದಿ ನವಿಲಿನ ಕತ್ತಿನ ಹಾಗೆ ನೀಲಿ. ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಬರುವ ಬಣ್ಣ ಅದು. ಕುಲುಮೆಯಲ್ಲಿ ಕೊಟ್ಟ ಹದ ಅಲ್ಲಿಗೆ ಹೋದ ಹಾಗೆ. ಆ ತುದಿಯನ್ನು ಎಷ್ಟು ಮಸೆದರೂ ವಾರದೊಳಗೆ ಮತ್ತೆ ಮೊಂಡು. ನೀಲಿಯಾದಷ್ಟನ್ನೂ ಕೈಯಲ್ಲೇ ಸವೆಸಿ ತೆಗೆಯಲು ನನಗೆ ಎರಡು ಭಾನುವಾರ ಹಿಡಿಯಿತು. ಚಾಕು ಒಂದು ಬೆರಳಿನಷ್ಟು ಗಿಡ್ಡವಾಯಿತು.

ಮುಗಿದ ಮೇಲೆ ಟೊಮೇಟೊ ಮೇಲೆ ಒತ್ತದೆ ಸುಮ್ನೆ ಎಳೆದು ನೋಡಿ, ಸಿಪ್ಪೆಗೆ ಕಚ್ಚಬೇಕು. ಆಮೇಲೆ ಹುರುಳಿಕಾಯಿ. ಗ್ರಾನೈಟ್ ಕಟ್ಟೆ ಮೇಲೆ, ಸ್ಟೀಲ್ ತಟ್ಟೆಯಲ್ಲಿ ಹೆಚ್ಚುವ ಅಭ್ಯಾಸ ಇದ್ದರೆ ಬಿಡಿ, ಒಂದೇ ದಿನಕ್ಕೆ ಬಾಯಿ ಮಗುಚುತ್ತೆ. ಮತ್ತೆ, ಚಾಕುವನ್ನು ಅಡುಗೆಮನೆಯಲ್ಲಿ ವಾಪಸ್ ಇಡುವ ಮೊದಲು ಮನೆಯವರಿಗೆಲ್ಲ ಒಂದು ಮಾತು ಹೇಳಿ. ಮೊಂಡು ಚಾಕುವನ್ನು ಒತ್ತಿ ಒತ್ತಿ ರೂಢಿಯಾದ ಕೈಗಳು. ನಾನು ಹೇಳದೆ ಇಟ್ಟಿದ್ದಕ್ಕೆ ಅವ್ವ ಎಡಗೈ ತೋರುಬೆರಳಿಗೆ ಬಟ್ಟೆ ಸುತ್ತಿಕೊಂಡೇ ಅವತ್ತು ಮುದ್ದೆ ಕಟ್ಟಿದಳು.