ಪುಸ್ತಕದ ಇಂಗ್ಲಿಷ್ ಬರುತ್ತದೆ, ಹರಟೆಯ ಇಂಗ್ಲಿಷ್ ಬರುವುದಿಲ್ಲ ಎಂದವರಿಗೆ

ಹೊರದೇಶದ ಕಚೇರಿಯ ಮೀಟಿಂಗ್‌ನಲ್ಲಿ ಎಲ್ಲ ತಿಳಿಯುತ್ತದೆ, ಅದೇ ಜನ ಹರಟೆಗೆ ನಿಂತರೆ ಒಂದೂ ತಲೆಗೆ ಹತ್ತುವುದಿಲ್ಲ, ಸ್ಲ್ಯಾಂಗ್, ಅಂದರೆ ಆಡುಮಾತಿನ ಪದಗಳ ಪಟ್ಟಿ ಹಿಡಿದು ಬಾಯಿಪಾಠ ಮಾಡಲೇ ಎಂದು ಕೇಳಿದ್ದೀರಿ. ಮನೆಯಲ್ಲಿರುವ ನಿಮ್ಮ ಹೆಂಡತಿ ಎಲ್ಲಿ ಕಲಿಯಬಹುದು ಎಂದೂ ಕೇಳಿದ್ದೀರಿ.

ಬಾಯಿಪಾಠ ಬೇಡ. ಮೊದಲು ಕಿವಿ ಪಳಗಲಿ, ನಾಲಿಗೆಗೆ ಅವಸರವಿಲ್ಲ. ಚಿಕ್ಕಂದಿನಿಂದ ಇಂಗ್ಲಿಷ್ ಮಾಧ್ಯಮದಲ್ಲೇ ಓದಿದವರಿಗೂ ಶುರುವಿನಲ್ಲಿ ಹೀಗೇ ಆಗುತ್ತದೆ. ನಿಮ್ಮ ಇಂಗ್ಲಿಷ್ ಸಾಲದು ಎಂದು ದಯವಿಟ್ಟು ಕುಗ್ಗಬೇಡಿ.

ಪಟ್ಟಿಗಳಲ್ಲಿ ಸಿಗುವ ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಥರದ ಮಾತು ದಿನಬಳಕೆಯಲ್ಲಿ ಕಿವಿಗೆ ಬೀಳುವುದೇ ಅಪರೂಪ. ನಿಜಕ್ಕೂ ಕಾಡುವುದು ಪುಟ್ಟ ಕ್ರಿಯಾಪದಗಳು. ‘ಪುಟ್ ಆಫ್’ ಎಂದರೆ ಮುಂದೂಡುವುದು, ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊಳ್ಳುವುದು, ‘ಗೆಟ್ ಬೈ’ ಎಂದರೆ ಹೇಗೋ ನಿಭಾಯಿಸುವುದು. ಬಿಡಿ ಬಿಡಿ ಪದಗಳೆಲ್ಲ ಗೊತ್ತು, ಕೂಡಿದಾಗ ಬೇರೆಯೇ ಅರ್ಥ. ನಾವು ‘ಅವನು ಕೈ ಕೊಟ್ಟ’ ಎಂದರೆ ನಂಬಿಸಿ ನಡುನೀರಲ್ಲಿ ಬಿಟ್ಟ ಎಂದು. ಅವರು ‘ಗಿವ್ ಮಿ ಎ ಹ್ಯಾಂಡ್’ ಎಂದರೆ ಸ್ವಲ್ಪ ನೆರವಾಗು ಎಂದು. ಆದ್ದರಿಂದ ಪದವನ್ನಲ್ಲ, ಇಡೀ ಮಾತನ್ನು ಬರೆದಿಟ್ಟುಕೊಳ್ಳಿ. ಯಾರು ಯಾರಿಗೆ, ಯಾವ ದನಿಯಲ್ಲಿ ಹೇಳಿದರು ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಆಸ್ಟ್ರೇಲಿಯಾದ ‘ಮೇಟ್’ ದನಿ ಬದಲಾದರೆ ಸ್ನೇಹದಿಂದ ಎಚ್ಚರಿಕೆಗೆ ತಿರುಗುತ್ತದೆ.

ನೀವು ಯಾವ ದೇಶದಲ್ಲಿದ್ದೀರಿ ಎಂದು ಹೇಳಿಲ್ಲ. ಅದು ತುಂಬ ಮುಖ್ಯ. ನಾನು ಮೊದಲು ಇಂಗ್ಲೆಂಡಿನಲ್ಲಿದ್ದೆ, ಈಗ ಆಸ್ಟ್ರೇಲಿಯಾದಲ್ಲಿ ನೆಲೆಸಿದ್ದೇನೆ. ಇಂಗ್ಲೆಂಡಿನವರ ‘ಯು ಆಲ್‌ರೈಟ್?’ ಬರೀ ನಮಸ್ಕಾರ. ನಿಮ್ಮ ಮುಖ ಬಾಡಿದೆ ಎಂದೇನೂ ಅಲ್ಲ. ಇಲ್ಲಿಯವರ ‘ಹೌ ಆರ್ ಯು ಗೋಯಿಂಗ್?’ ಕೂಡ ಅಷ್ಟೇ, ಬಸ್ಸಿನಲ್ಲೋ ರೈಲಿನಲ್ಲೋ ಎಂಬ ಪ್ರಶ್ನೆಯಲ್ಲ. ‘ಆರ್ವೋ’ ಎಂದರೆ ಮಧ್ಯಾಹ್ನ. ‘ಬ್ರಿಂಗ್ ಎ ಪ್ಲೇಟ್’ ಎಂದು ಕರೆದರೆ ಎಲ್ಲರೂ ಹಂಚಿಕೊಳ್ಳಲು ಏನಾದರೂ ತಿನಿಸು ತನ್ನಿ ಎಂದರ್ಥ. ‘ಪಿಸ್ಡ್’ ಅಮೆರಿಕದಲ್ಲಿ ಸಿಟ್ಟು, ಬ್ರಿಟನ್ನಿನಲ್ಲಿ ಕುಡಿದ ಅಮಲು. ಸಭೆಯಲ್ಲಿ ಒಂದು ವಿಷಯವನ್ನು ‘ಟೇಬಲ್’ ಮಾಡೋಣ ಎಂದರೆ ಬ್ರಿಟಿಷರಿಗೆ ಅದು ಚರ್ಚೆಗೆ ಬಂತು, ಅಮೆರಿಕನ್ನರಿಗೆ ಸದ್ಯಕ್ಕೆ ಬದಿಗೆ ಸರಿಯಿತು.

ಆಟದ ಮಾತುಗಳಂತೂ ಬೇಕಾದಷ್ಟು. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಕ್ರಿಕೆಟ್ಟಿನವು ನಮಗೆ ಸಲೀಸು: ತುಂಬು ಜೀವನ ನಡೆಸಿ ತೀರಿಕೊಂಡವರ ಬಗ್ಗೆ ‘ಗುಡ್ ಇನಿಂಗ್ಸ್’ ಎನ್ನುತ್ತಾರೆ, ಇಕ್ಕಟ್ಟಿನಲ್ಲಿ ಸಿಕ್ಕವರು ‘ಸ್ಟಿಕಿ ವಿಕೆಟ್’ ಮೇಲಿದ್ದಾರೆ. ಅಮೆರಿಕದ್ದು ಬೇಸ್‌ಬಾಲ್. ‘ಬಾಲ್‌ಪಾರ್ಕ್ ಫಿಗರ್’ ಎಂದರೆ ಅಂದಾಜು ಲೆಕ್ಕ. ‘ರೇನ್ ಚೆಕ್’ ಮಳೆಗೆ ಆಟ ನಿಂತಾಗ ಇನ್ನೊಂದು ದಿನಕ್ಕೆ ಕೊಡುತ್ತಿದ್ದ ಚೀಟಿ. ಈಗ ‘ಇವತ್ತು ಆಗಲ್ಲ, ಇನ್ನೊಮ್ಮೆ ಬರುತ್ತೇನೆ’ ಎನ್ನುವ ಮರ್ಯಾದೆಯ ಮಾತು.

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಸ್ಲ್ಯಾಂಗೇ ಅಲ್ಲದ, ಸುತ್ತಿ ಬಳಸಿ ಆಡುವ ನಯದ ಮಾತಿಗೆ. ಮೇಲಧಿಕಾರಿ ‘ಯು ಮೈಟ್ ವಾಂಟ್ ಟು ಲುಕ್ ಅಟ್ ದಿಸ್’ ಎಂದರೆ ಬೇಕಿದ್ದರೆ ನೋಡು ಎಂದಲ್ಲ, ನೋಡಿ ಸರಿಪಡಿಸು ಎಂದೇ. ‘ವಿ ಶುಡ್ ಕ್ಯಾಚ್ ಅಪ್ ಸಮ್‌ಟೈಮ್’ ಎಂದವರು ದಿನ, ಹೊತ್ತು ಹೇಳುವವರೆಗೂ ಅದು ಆಹ್ವಾನವಲ್ಲ. ಹೊಸಬರು ಇಂಥ ಕಡೆ ಸುಮ್ಮನೆ ನೊಂದುಕೊಳ್ಳುವುದನ್ನು ನೋಡಿದ್ದೇನೆ, ನನಗೆ ಸಂಕಟವಾಗುತ್ತದೆ. ನಮ್ಮ ಇಂಗ್ಲಿಷೂ ಅವರಿಗೆ ಗೊಂದಲ ತರುತ್ತದೆ. ‘ಐ ಹ್ಯಾವ್ ಎ ಡೌಟ್’ ಎಂದರೆ ನಿಮಗೆ ನಂಬಿಕೆಯಿಲ್ಲ ಎಂದುಕೊಳ್ಳುತ್ತಾರೆ, ‘ಕ್ವೆಶ್ಚನ್’ ಎನ್ನಿ. ಕಾಲೇಜಿನಿಂದ ‘ಪಾಸ್ಡ್ ಔಟ್’ ಎಂದರೆ ಪ್ರಜ್ಞೆ ತಪ್ಪಿ ಬಿದ್ದಿರಿ ಎಂದು ಕೇಳಿಸುತ್ತದೆ, ‘ಗ್ರಾಜುಯೇಟೆಡ್’ ಸಾಕು.

ತಿಳಿಯದಿದ್ದರೆ ಅಲ್ಲೇ ಕೇಳಿ. ‘ಐ ಹ್ಯಾವನ್ಟ್ ಹರ್ಡ್ ದಟ್ ಒನ್, ವಾಟ್ ಡಸ್ ಇಟ್ ಮೀನ್?’ ಎಂದರೆ ಹೆಚ್ಚಿನವರು ಖುಷಿಯಿಂದಲೇ ಬಿಡಿಸಿ ಹೇಳುತ್ತಾರೆ. ಎಲ್ಲರ ಜೊತೆ ನಕ್ಕು ಸುಮ್ಮನಾದರೆ ಆ ಮಾತು ಇನ್ನೊಮ್ಮೆ ಬಂದಾಗಲೂ ಅಷ್ಟೇ. ಮನೆಯಲ್ಲಿ ಕೇಳಲು ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ ‘ದಿ ಇಂಗ್ಲಿಷ್ ವಿ ಸ್ಪೀಕ್’ ಒಳ್ಳೆಯದು, ಒಂದೊಂದು ಕಂತೂ ಕೆಲವೇ ನಿಮಿಷ. ಕೇಂಬ್ರಿಜ್ ಅಥವಾ ಆಕ್ಸ್‌ಫರ್ಡ್‌ನ ಕಲಿಯುವವರ ನಿಘಂಟಿನಲ್ಲಿ ‘ಇನ್‌ಫಾರ್ಮಲ್’, ‘ಓಲ್ಡ್ ಫ್ಯಾಶನ್ಡ್’, ‘ಅಫೆನ್ಸಿವ್’ ಎಂಬ ಗುರುತು ಇರುತ್ತದೆ, ಅದನ್ನು ಓದದೆ ಪದ ಬಳಸಬೇಡಿ. 1999ರಲ್ಲಿ ಶುರುವಾದ ಅರ್ಬನ್ ಡಿಕ್ಷನರಿ ಜಾಲತಾಣದಲ್ಲಿ ಯಾರು ಬೇಕಾದರೂ ಬರೆಯಬಹುದು. ಅದನ್ನೊಂದನ್ನೇ ನಂಬಬೇಡಿ.

ಬೈಗುಳ, ಜನಾಂಗ ಬಣ್ಣಗಳನ್ನು ಆಡಿಕೊಳ್ಳುವ ಪದ ಇವೆಲ್ಲ ಅರ್ಥವಾಗಲೇಬೇಕು, ಯಾರಾದರೂ ನಿಮ್ಮನ್ನು ಹೀಗಳೆದರೆ ತಿಳಿಯಬೇಕಲ್ಲ. ಆದರೆ ಅವರವರ ನಡುವೆ ಸಲುಗೆಯಿಂದ ಆಡುತ್ತಾರೆಂದು ನೀವು ಆಡಬೇಡಿ.

ಇನ್ನು ನಿಮ್ಮ ಹೆಂಡತಿಯ ಕಲಿಕೆ. ಆಸ್ಟ್ರೇಲಿಯಾದಲ್ಲಿ 1948ರಿಂದ ವಲಸಿಗರಿಗೆ ಸರ್ಕಾರದ ಉಚಿತ ಇಂಗ್ಲಿಷ್ ತರಗತಿಗಳಿವೆ, ಎಎಂಇಪಿ ಎನ್ನುತ್ತಾರೆ. ಕೆನಡಾದಲ್ಲಿ 1992ರಿಂದ ಇಂಥದ್ದೇ ಎಲ್‌ಐಎನ್‌ಸಿ ಇದೆ. ಎರಡಕ್ಕೂ ವೀಸಾದ ಷರತ್ತುಗಳಿವೆ, ಮುಖ್ಯವಾಗಿ ಅಲ್ಲೇ ನೆಲೆಸಲು ಅನುಮತಿ ಪಡೆದವರಿಗೆ, ಹಾಗಾಗಿ ಮೊದಲು ಅರ್ಹತೆ ವಿಚಾರಿಸಿ. ಅದು ಸಿಗದಿದ್ದರೆ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಲಿ. ಎಷ್ಟೋ ಕಡೆ ಸ್ವಯಂಸೇವಕರು ವಾರಕ್ಕೊಮ್ಮೆ ಮಾತುಕತೆಯ ಗುಂಪು ನಡೆಸುತ್ತಾರೆ. ಮೊದಲ ವಾರ ನೀವೂ ಜೊತೆಗೆ ಹೋಗಿ ಬನ್ನಿ.