ಬಗಲು ಹರಿದರೆ ಕೈಹೊಲಿಗೆಯನ್ನು ಬೈಯಬೇಡಿ

ಬೇಸಿಗೆ ಬಂತೆಂದರೆ ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಈ ಸಲ ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ. ಅಳತೆ ತೆಗೆಯುವುದು, ಕಚ್ಚಾ ಹೊಲಿಗೆ ಹಾಕುವುದು ಇಲ್ಲಿ ಹೇಳುವುದಿಲ್ಲ. ಅದು ಬಾರದೆ ಬಟ್ಟೆಗೆ ಕತ್ತರಿ ಹಾಕಲೇಬಾರದು.

ಪ್ರಶ್ನೆ: ಅಕ್ಕೋರೆ, ವಿಡಿಯೋ ನೋಡಿ ಕೈಯಲ್ಲೇ ಎರಡು ಕುರ್ತಾ ಹೊಲಿದುಕೊಂಡೆ. ಕಾಟನ್ ಬಟ್ಟೆ. ಕೊರಳಿಗೆ ಕಸೂತಿನೂ ಹಾಕಿದ್ದೆ. ಎರಡೂ ಬಗಲಲ್ಲಿ ಹರಿದವು. ಹೊಲಿಗೆ ಬಿಟ್ಟಿಲ್ಲ, ಅದರ ಪಕ್ಕದ ಬಟ್ಟೆ ಹರಿದಿದೆ. ಬೆವರಿಗೆ ದಾರ ಕೊಳೆಯುತ್ತದೆ, ನೈಲಾನ್ ದಾರ ಹಾಕಿ ಅಂತ ಅಂಗಡಿಯವರು ಹೇಳಿದರು. ಹಾಕಿದ ಮೇಲೆ ಇನ್ನೂ ಜಾಸ್ತಿ ಹರಿಯಿತು. ಕೈಹೊಲಿಗೆಗೆ ಗಟ್ಟಿತನವೇ ಇಲ್ಲವಾ? ಮಷಿನ್ ತೊಗೊಳ್ಳಲಾ? (ಸೇಡಂ)

ಉತ್ತರ: ಹೊಲಿಗೆ ಬಿಟ್ಟಿಲ್ಲ ಅಂತ ನೀನೇ ಬರೆದಿದ್ದೀ, ತಂಗಿ. ಹಾಗಿದ್ದ ಮೇಲೆ ಕೈಹೊಲಿಗೆಯದೇನು ತಪ್ಪು? ಇದೇ ಬಟ್ಟೆಯನ್ನು ಹೀಗೇ ಕತ್ತರಿಸಿ ಮಷಿನ್ನಲ್ಲಿ ಹೊಲಿದಿದ್ದರೂ ಅಲ್ಲೇ ಹರಿಯುತ್ತಿತ್ತು.

ಮೊದಲು ಬಟ್ಟೆಯ ವಿಷಯ. ಅಂಗಡಿಯವರು ಕಾಟನ್ ಅಂದರು, ನೀನು ನಂಬಿದೆ. ಈಗ ಕುರ್ತಾಕ್ಕೆ ಅಂತ ಮಾರುವುದರಲ್ಲಿ ರೇಯಾನ್ ಬಹಳ ಇದೆ. ಮುಟ್ಟಿದರೆ ಮೆತ್ತಗೆ, ತಣ್ಣಗೆ ಇರುತ್ತದೆ. ಅದಕ್ಕೇ ಮೋಸ ಹೋಗುತ್ತೇವೆ. ಹತ್ತಿಯ ನೂಲು ಒದ್ದೆಯಾದರೆ ಇನ್ನಷ್ಟು ಗಟ್ಟಿಯಾಗುತ್ತದೆ. ರೇಯಾನ್ ಇದಕ್ಕೆ ಉಲ್ಟಾ, ಒದ್ದೆಯಾದರೆ ಅದರ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 42 ಡಿಗ್ರಿ ದಾಟುತ್ತದೆ. ಬಗಲು ಇಡೀ ದಿನ ಒದ್ದೆ. ಅಲ್ಲಿ ರೇಯಾನ್ ಎಷ್ಟು ದಿನ ತಡೆದೀತು?

ಉಳಿದ ಚೂರಿನಿಂದ ಗೇಣುದ್ದದ ಒಂದು ಎಳೆ ಬಿಡಿಸಿಕೊ. ನಡುವೆ ಮಾತ್ರ ನೀರು ಹಚ್ಚು. ಎರಡೂ ತುದಿ ಹಿಡಿದು ಮೆಲ್ಲಗೆ ಜಗ್ಗು. ಒದ್ದೆ ಜಾಗದಲ್ಲೇ ಕಡಿದರೆ ರೇಯಾನ್. ಒದ್ದೆ ಜಾಗ ಬಿಟ್ಟು ಒಣಗಿದ ಕಡೆ ಕಡಿದರೆ ಹತ್ತಿ. ಮುಂದಿನ ಸಲ ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ಇದನ್ನು ಮಾಡು. ಒಂದು ಎಳೆ ಕೊಡಲು ಆಗಲ್ಲ ಅನ್ನುವ ಅಂಗಡಿಯಲ್ಲಿ ಬಟ್ಟೆ ತೊಗೊಳ್ಳಲೇಬೇಡ.

ನೈಲಾನ್ ದಾರದ ಸಲಹೆ ಓದಿ ನನಗೆ ಸಿಟ್ಟೇ ಬಂತು. ದಾರ ಯಾವತ್ತೂ ಬಟ್ಟೆಗಿಂತ ಗಟ್ಟಿ ಇರಬಾರದು. ದಾರ ಕಡಿದರೆ ಹತ್ತು ನಿಮಿಷ ಕೂತು ಮತ್ತೆ ಹೊಲಿಯಬಹುದು. ಗಟ್ಟಿ ದಾರ ತಾನು ಕಡಿಯುವುದಿಲ್ಲ, ಬಟ್ಟೆಯನ್ನು ಕೊಯ್ಯುತ್ತದೆ. ನಿನಗೆ ಆಗಿದ್ದೂ ಅದೇ. ಹತ್ತಿ ಬಟ್ಟೆಗೆ ಹತ್ತಿ ದಾರ ಸಾಕು. ದಿನಾ ಒಗೆದು ಹಾಕುವ ಬಟ್ಟೆಯಲ್ಲಿ ದಾರ ಅಷ್ಟು ಬೇಗ ಬೆವರಿಗೆ ಕೊಳೆಯುವುದೂ ಇಲ್ಲ.

ಇದಕ್ಕಿಂತ ದೊಡ್ಡ ತಪ್ಪು ಕತ್ತರಿಸಿದ್ದರಲ್ಲಿದೆ. ಬಟ್ಟೆ ಮಡಚಿ, ಹಳೇ ಕುರ್ತಾ ಮೇಲಿಟ್ಟು, ಸುತ್ತ ಕತ್ತರಿಸಿ ಅಂತ ವಿಡಿಯೋದವರು ತೋರಿಸುತ್ತಾರೆ. ನಿಂತು ಫೋಟೋ ತೆಗೆಸಿಕೊಳ್ಳಲು ಅಷ್ಟು ಸಾಕು. ನೀನು ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಬೇಕು, ಹಗ್ಗದ ಮೇಲೆ ಬಟ್ಟೆ ಒಣಹಾಕಬೇಕು. ಕೈ ಎತ್ತಿದಾಗ ಮೊಣಕೈಯಿಂದ ಸೊಂಟದ ತನಕ ಬಟ್ಟೆ ಜಗ್ಗುತ್ತದೆ. ಆ ಜಗ್ಗಾಟವೆಲ್ಲ ಹೊಲಿಗೆಗಳು ಕೂಡುವ ಬಗಲಿನ ಒಂದೇ ಜಾಗಕ್ಕೆ ಬಂದು ಬೀಳುತ್ತದೆ.

ಹಳೇ ದರ್ಜಿಗಳು ಸಡಿಲ ಅಂಗಿ ಹೊಲಿಯುವಾಗ ಬಗಲಿಗೆ ಒಂದು ಚೌಕ ತುಂಡು ಕೊಡುತ್ತಿದ್ದರು. ನೀನೂ ಅದನ್ನೇ ಮಾಡು. ನೂಲಿನ ನೇರಕ್ಕೆ 4 ಇಂಚಿನ ಚೌಕ ಕತ್ತರಿಸು. ಸುತ್ತ ಅರ್ಧರ್ಧ ಇಂಚು ಹೊಲಿಗೆಗೆ ಹೋದರೆ 3 ಇಂಚು ಉಳಿಯುತ್ತದೆ. ತೋಳನ್ನು ಮೈಗೆ ಸೇರಿಸಿದ ಮೇಲೆ ತೋಳಿನ ಕೆಳಗಿನ ಹೊಲಿಗೆಯನ್ನು ಬಗಲಿಗೆ 3 ಇಂಚು ಇರುವಾಗಲೇ ನಿಲ್ಲಿಸು. ಪಕ್ಕದ ಹೊಲಿಗೆಯನ್ನೂ ಹಾಗೇ ನಿಲ್ಲಿಸು. ಆಗ ಬಗಲಲ್ಲಿ ಒಂದು ಸೀಳು ಉಳಿಯುತ್ತದೆ. ಚೌಕದ ಎರಡು ಬದಿ ತೋಳಿಗೆ, ಎರಡು ಬದಿ ಮೈಗೆ ಕೂಡಿಸು. ಒಂದು ಮೂಲೆ ಮೊಣಕೈ ಕಡೆಗೆ, ಎದುರಿನ ಮೂಲೆ ಸೊಂಟದ ಕಡೆಗೆ ಬರಬೇಕು. ಈಗ ಕೈ ಎತ್ತಿದರೆ ಜಗ್ಗಾಟ ಮೂಲೆಯಿಂದ ಮೂಲೆಗೆ ಹೋಗುತ್ತದೆ. ಆ ದಿಕ್ಕಿನಲ್ಲಿ ನೇಯ್ದ ಬಟ್ಟೆ ಹಿಗ್ಗುತ್ತದೆ, ಹರಿಯುವುದಿಲ್ಲ. ಕರವಸ್ತ್ರದ ಎದುರುಬದುರು ಮೂಲೆ ಹಿಡಿದು ಜಗ್ಗಿ ನೋಡು, ಗೊತ್ತಾಗುತ್ತದೆ.

ಇಲ್ಲಿ ಮುಂದೆ ಮುಂದೆ ಹೋಗುವ ರನ್ನಿಂಗ್ ಸ್ಟಿಚ್ ಸಾಲದು. ಪ್ರತಿ ಸಲ ಸೂಜಿ ಒಂದು ಹೆಜ್ಜೆ ಹಿಂದೆ ಬರುವ ಬ್ಯಾಕ್ ಸ್ಟಿಚ್ ಹಾಕು, ಇಂಚಿಗೆ 8ರಿಂದ 10. ಪ್ರತಿ ಮೂಲೆಯಲ್ಲೂ ಅಂಚಿಗೆ ಅರ್ಧ ಇಂಚು ಇರುವಾಗಲೇ ನಿಲ್ಲಿಸಿ, ದಾರ ಕಟ್ಟಿ, ಮುಂದಿನ ಬದಿ ಹೊಸದಾಗಿ ಶುರು ಮಾಡು. ಎಳೆದುಕೊಂಡು ಹೋದರೆ ಮೂಲೆ ಸುಕ್ಕಾಗುತ್ತದೆ. ಆಮೇಲೆ ಒಳಗಿನ ಒಂದು ಅಂಚನ್ನು ಅರ್ಧ ಕತ್ತರಿಸಿ, ಇನ್ನೊಂದನ್ನು ಅದರ ಮೇಲೆ ಮಡಚಿ ಹೆಮ್ಮಿಂಗ್ ಮಾಡು. ಎಳೆ ಬಿಚ್ಚುವುದಿಲ್ಲ, ಮೈಗೂ ಚುಚ್ಚುವುದಿಲ್ಲ. ಕೊರಳಿಗೆ ಕಸೂತಿಯ ಗವಂತಿ, ಮುರಗಿ ಹೊಲಿಗೆ ಹಾಕುವ ತಾಳ್ಮೆ ಇರುವವಳು ಬಗಲಿಗೆ ಅರ್ಧ ದಿನ ಕೊಡಲಾರೆಯಾ? ಆದರೂ ಮೊದಲು ಹಳೇ ಚಾದರದಲ್ಲಿ ಒಂದು ಬಗಲು ಹೊಲಿದು ನೋಡು. ಒಳ್ಳೇ ಬಟ್ಟೆಯ ಮೇಲೆ ಕಲಿಯುವುದು ನನಗೆ ಸೇರುವುದಿಲ್ಲ.

ಈ ಚೌಕ ಅದೇ ಬಣ್ಣದ್ದಾಗಿರಬೇಕು ಅಂತೇನಿಲ್ಲ. ಕೌದಿಗೆ ಅಂತ ಎತ್ತಿಟ್ಟ ಹತ್ತಿ ಸೀರೆಯ ಚೂರು ಹಾಕು. ನೀಲಿ ಕುರ್ತಾದಲ್ಲಿ ಕೈ ಎತ್ತಿದಾಗ ಮಾತ್ರ ಕೆಂಪು ಕಂಡರೆ ಎಷ್ಟು ಚಂದ! ಅಂಗಡಿಯಿಂದ ತಂದ ಕುರ್ತಾದಲ್ಲಿ ಈ ಸುಖ ಎಲ್ಲಿದೆ? ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆ, ಮಾತ್ರ ಬಗಲಿಗೆ ಬೇಡ. ಅಗ್ಗದ ಖಣದಲ್ಲಿ ಕೃತಕ ರೇಷ್ಮೆ ಇರುತ್ತದೆ, ಬೆವರಿಗೆ ನಿಲ್ಲುವುದಿಲ್ಲ. ಅದನ್ನು ಕೊರಳಪಟ್ಟಿಗೆ ಇಟ್ಟುಕೊ.

ಪ್ರಶ್ನೆ: ಬಣ್ಣ ಬಿಡದಂತೆ ಹೊಸ ಬಟ್ಟೆಯನ್ನು ಉಪ್ಪು, ವಿನೆಗರ್‌ನಲ್ಲಿ ನೆನೆಸಬೇಕಾ? (ಹುಮನಾಬಾದ್)

ಉತ್ತರ: ಬೇಡ. ಹತ್ತಿಗೆ ಬಣ್ಣ ಹಾಕುವಾಗ ಉಪ್ಪಿಗೆ ಕೆಲಸ ಇದೆ. ಬಟ್ಟೆ ಅಂಗಡಿಗೆ ಬಂದ ಮೇಲೆ ಅದರಿಂದ ಏನೂ ಆಗುವುದಿಲ್ಲ. ವಿನೆಗರ್ ಉಣ್ಣೆ, ರೇಷ್ಮೆಗೆ ಬಣ್ಣ ಹಾಕುವವರಿಗೆ ಬೇಕು. ನೀರು ತಿಳಿಯಾಗುವ ತನಕ ಬೇರೆಯಾಗಿ ಒಗೆಯಿರಿ. ಐದಾರು ಸಲ ಒಗೆದರೂ ಬಣ್ಣ ಬಿಡುತ್ತಿದ್ದರೆ ಅದನ್ನು ಬಿಳಿ ಬಟ್ಟೆಯ ಜೊತೆ ಸೇರಿಸಿ ಹೊಲಿಯಬೇಡಿ.

ಪ್ರಶ್ನೆ: ಹೊಲಿಯುವಾಗ ದಾರ ಪದೇ ಪದೇ ಗಂಟು ಬೀಳುತ್ತದೆ. (ಶಹಾಪುರ)

ಉತ್ತರ: ಒಂದು ಮೊಳಕ್ಕಿಂತ ಉದ್ದ ದಾರ ತೊಗೊಳ್ಳಬೇಡಿ.

ಪ್ರಶ್ನೆ: ದೀಪ ಹಚ್ಚಿದ ಮೇಲೆ ಸೂಜಿ ಹಿಡಿಯಬಾರದು ಅಂತ ಅತ್ತೆ ಹೇಳುತ್ತಾರೆ. ನಿಜವಾ? (ಆಳಂದ)

ಉತ್ತರ: ಚಿಮಣಿ ಬೆಳಕಿನಲ್ಲಿ ಕಣ್ಣು ನೋಯುತ್ತಿದ್ದ ಕಾಲಕ್ಕೆ ಅದು ಸರಿ. ಈಗ ಎಡಗಡೆ ಒಂದು ಒಳ್ಳೇ ಬಲ್ಬು ಹಾಕಿಕೊಂಡು ಹೊಲಿಯಿರಿ.

ಪ್ರಶ್ನೆ: ಏಳು ದಿನದಲ್ಲಿ ಬ್ಲೌಸ್ ಕಲಿಸಿ ಸರ್ಟಿಫಿಕೇಟ್ ಕೊಡುತ್ತಾರಂತೆ. ಸೇರಲಾ? (ಯಾದಗಿರಿ)

ಉತ್ತರ: ಸೇರಬೇಡಿ. ಏಳು ದಿನದಲ್ಲಿ ಕಾಜಾ ಹಾಕಲೂ ಕೈ ಕೂರುವುದಿಲ್ಲ. ಯಾವ ಕ್ಲಾಸಿಗೇ ಆಗಲಿ, ದುಡ್ಡು ಕಟ್ಟುವ ಮುಂಚೆ ಕಲಿಸುವವರು ಹೊಲಿದ ಒಂದು ಬ್ಲೌಸ್ ಕೇಳಿ, ಒಳಗಡೆ ತಿರುಗಿಸಿ ಬಗಲು ನೋಡಿ.